ಆಂಗ್ಲಭಾಷೆಯ ಬರಹವೂ ಉಚ್ಚಾರವೂ

'ಸ್ವಜನ'ವು 'ಶ್ವಜನ'ವಾಗದಿರಲೆಂದು ಮಗನಿಗೆ ವ್ಯಾಕರಣವನ್ನು ಓದಹೇಳಿದ ತಂದೆಯ ಮಾತು ಪಾಠಶಾಲೆಗಳಲ್ಲಿ ಪ್ರಸಿದ್ಧವಾದುದು. ಸಂಸ್ಕೃತದಲ್ಲಿ ನಾಲಗೆಯನ್ನು ತಿದ್ದಿಕೊಂಡವನಿಗೆ ಬರಹವು ತಾನಾಗಿಯೇ ಸರಿಹೋಗುವುದು. ಇಂಗ್ಲಿಷಿನಲ್ಲಿ ಹಾಗಲ್ಲ. ಉಪಾಧ್ಯಾಯರು 'ನೈಟ್' ಎಂದರೆ ಅದು ರಾತ್ರಿಯೋ, ಕುದುರೆಯೇರಿದ ವೀರಭಟನೋ ಕಿವಿಗೆ ತಿಳಿಯದು. ಬರೆಯುವಾಗ ಮಾತ್ರ ವೀರಭಟನ ಮುಂದೆ 'ಕೆ' ಎಂಬ ಮೂಕಾಕ್ಷರವನ್ನು ನಿಲ್ಲಿಸಬೇಕು. ಹಿಂದಿನ ಶಾಲೆಗಳಲ್ಲಿ ಅದನ್ನು ಮರೆತವನಿಗೆ ಬೆತ್ತವೇ ಗತಿಯಾಗಿದ್ದಿತು. ಎಷ್ಟೋ ಮಂದಿ ವಿದ್ಯಾರ್ಥಿಗಳು ತಮ್ಮ ಬುದ್ಧಿಯೇ ಮಂದವೆಂದು ನಂಬಿ ಓದನ್ನು ಬಿಟ್ಟುದುಂಟು. ದೋಷವು ಯಾರದೆಂಬುದನ್ನು ಆ ಭಾಷೆಯ ಚರಿತ್ರೆಯನ್ನೇ ಕೇಳಬೇಕು.

ಈ ಎರಡು ಶಬ್ದಗಳು ಮೊದಲು ಸಮೋಚ್ಚಾರದವುಗಳಾಗಿರಲಿಲ್ಲ. ಪ್ರಾಚೀನ ಆಂಗ್ಲದಲ್ಲಿ ರಾತ್ರಿಯು 'ನಿಹ್ಟ್', ಭಟನು 'ಕ್ನಿಹ್ಟ್'. (ಭಟನೆಂಬ ಅರ್ಥವೂ ಅನಂತರದ್ದೇ, ಮೊದಲು ಅದು ಬಾಲಕನಿಗೂ ಪರಿಚಾರಕನಿಗೂ ಸಲ್ಲುತ್ತಿದ್ದ ಹೆಸರು.) ಕಕಾರವನ್ನು ಜನರು ನಿಜವಾಗಿಯೇ ಉಚ್ಚರಿಸುತ್ತಿದ್ದರು. ಈಗ 'ಜಿ', 'ಎಚ್' ಎಂದು ಬರೆಯುವ ಕಡೆಯಲ್ಲಿ ವಿಸರ್ಗಕ್ಕೆ ಸಮೀಪವಾದ ಊಷ್ಮಧ್ವನಿಯೊಂದಿದ್ದಿತು. ಆ ಊಷ್ಮವು ಕಾಲಕ್ರಮದಲ್ಲಿ ಅಡಗಿತು. 17ನೆಯ ಶತಮಾನದ ಕೊನೆಯ ಸುಮಾರಿಗೆ ಕಕಾರವೂ ಬಾಯಿಂದ ಜಾರತೊಡಗಿತು. ಮಾಂಸವೆಂಬ 'ಮೀಟ್', ಸಂಧಿಸುವುದೆಂಬ 'ಮೀಟ್' ಇವುಗಳ ಕಥೆಯೂ ಇಂತಹುದೇ. ಪೂರ್ವದಲ್ಲಿ ಒಂದರಲ್ಲಿ ವಿವೃತವಾದ, ಇನ್ನೊಂದರಲ್ಲಿ ಸಂವೃತವಾದ ದೀರ್ಘ ಏಕಾರಗಳಿದ್ದುವು. 15ನೆಯ ಶತಮಾನದಿಂದ ಆಂಗ್ಲರ ದೀರ್ಘಸ್ವರಗಳೆಲ್ಲ ಸ್ಥಾನಪಲ್ಲಟವನ್ನು ಹೊಂದಿದಾಗ ಇವೆರಡೂ ಕ್ರಮವಾಗಿ ಒಂದೇ ಈಕಾರದಲ್ಲಿ ಬಂದು ಸೇರಿದುವು.

ಬರಹವೇಕೆ ಜೊತೆಯಲ್ಲಿ ಬದಲಾಗಲಿಲ್ಲ? ವಿಲಿಯಂ ಕ್ಯಾಕ್ಸ್ಟನ್ನನು ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದುದು 1476ರಲ್ಲಿ; ಎಂದರೆ ಸ್ವರಗಳು ಚಲಿಸುತ್ತಿದ್ದ ಕಾಲದಲ್ಲಿಯೇ. ಅಚ್ಚಿನ ಮೊಳೆಗಳು ಬರಹವನ್ನು ಮೆಲ್ಲಮೆಲ್ಲನೆ ಕಟ್ಟಿಹಾಕಿದುವು. 1755ರಲ್ಲಿ ಜಾನ್ಸನ್ನನ ನಿಘಂಟು ಹೊರಡುವ ಹೊತ್ತಿಗೆ ಅದು ಬಹುಮಟ್ಟಿಗೆ ನಿಂತೇಹೋಗಿದ್ದಿತು.

ಇದು ಕಾಲದ ಕೆಲಸ. ಪಂಡಿತರು ಮಾಡಿದುದು ಬೇರೆಯೇ ಉಂಟು. ಸಾಲವೆಂಬ ಅರ್ಥದ 'ಡೆಟ್' ಶಬ್ದವು ಫ್ರೆಂಚಿನಿಂದ ಬಂದಾಗ ಅದರಲ್ಲಿ 'ಬಿ' ಅಕ್ಷರವೇ ಇರಲಿಲ್ಲ. ಲ್ಯಾಟಿನ್ನಿನ 'ದೇಬಿತುಂ' ಎಂಬ ಮೂಲವನ್ನು ಮೆರೆಯಿಸಲೆಂದು ವಿದ್ವಾಂಸರು ಅದನ್ನು ಸೇರಿಸಿದರು, ಬಾಯಿ ಒಪ್ಪಲಿಲ್ಲ. 1598ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದ ಉಪಾಧ್ಯಾಯ ಹಾಲೊಫರ್ನೀಸನು ಈ 'ಬಿ'ಯನ್ನು ನುಡಿಯದವರ ಮೇಲೆ ಸಿಡುಕುವನು. ಕವಿಯು ಅವನನ್ನು ಹಾಸ್ಯಕ್ಕೆ ಗುರಿಮಾಡಿದ್ದಾನೆ. ಆದರೆ ಬರೆದುದನ್ನು ಓದಬೇಕೆಂದವನ ತರ್ಕದಲ್ಲಿ ತಪ್ಪೇನಿದೆ? ದ್ವೀಪವೆಂಬ 'ಐಲೆಂಡ್' ಶಬ್ದದ ಪಾಡು ಇನ್ನೂ ಹೀನವಾದುದು. ಅದು ಶುದ್ಧ ಆಂಗ್ಲಪದ. ಅದಕ್ಕೆ ಲ್ಯಾಟಿನ್ನಿನ 'ಇನ್ಸುಲ'ದ ಸಂಬಂಧವನ್ನು ತಪ್ಪಾಗಿ ಕಲ್ಪಿಸಿ 'ಎಸ್' ಅಕ್ಷರವನ್ನು ನಡುವೆ ತುರುಕಿದರು. ಮೂಲವನ್ನರಿಯದೆ ಮಾಡಿದ ಈ ಪಾಂಡಿತ್ಯದ ದಂಡವನ್ನು ತೆರುವವರು ಮಕ್ಕಳು.

ನುಡಿಗಟ್ಟುಗಳಲ್ಲಿಯಾದರೋ ತೊಡಕು ಶಬ್ದದಲ್ಲಿಲ್ಲ, ಅರ್ಥದಲ್ಲಿದೆ. ದರ್ಭೆಯನ್ನು ಕೊಯ್ಯುವವನೆಂಬ ಅವಯವಾರ್ಥವನ್ನು ತೊರೆದು 'ಕುಶಲ' ಶಬ್ದವು ನಿಪುಣನಲ್ಲಿ ರೂಢವಾದುದನ್ನು ಆಲಂಕಾರಿಕರು ವಿವರಿಸಿದ್ದಾರೆ. ಇದನ್ನು ಬಲ್ಲವನು 'ಬೈ ಅಂಡ್ ಲಾರ್ಜ್' ಎಂಬುದರ ಮುಂದೆ ನಿಘಂಟನ್ನು ಹಿಡಿದು ಕಂಗೆಡಬೇಕಾಗಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಆ ಮೂರು ಪದಗಳಿಂದ ಯಾವ ಅರ್ಥವೂ ಹೊರಡದು. ಹಾಯಿಹಡಗಿನವರಿಗೆ 'ಬೈ' ಎಂದರೆ ಗಾಳಿಗೆ ಆದಷ್ಟು ಎದುರಾಗಿ ಸಾಗುವುದು, 'ಲಾರ್ಜ್' ಎಂದರೆ ಗಾಳಿಯು ಹಿಂದಿನಿಂದ ಅನುಕೂಲವಾಗಿರುವಾಗ ಸಾಗುವುದು. ಎರಡು ಬಗೆಯಲ್ಲಿಯೂ ಚೆನ್ನಾಗಿ ನಡೆಯುವ ಹಡಗನ್ನು ಕುರಿತು 17ನೆಯ ಶತಮಾನದಲ್ಲಿ ನಾವಿಕರು ಆಡುತ್ತಿದ್ದ ಮಾತು ದಡಕ್ಕೆ ಬಂದು, 'ಒಟ್ಟಿನಲ್ಲಿ' ಎಂಬ ಅರ್ಥದಲ್ಲಿ ನೆಲೆಗೊಂಡಿತು.