ಫ್ಯಾಕ್ಟ್‌ಚೆಕ್: ಡಿವಿಡಿ ಫೈಲಿನ ಹೆಸರು ಬದಲಿಸಿದರೆ ಎಡಿಟ್ ಮಾಡಬಹುದೇ?

ದೋಣಿಮಲೈಯ ಗಣಿ ಟೌನ್‌ಶಿಪ್ಪಿನ ಮನೆಯಾಗಲಿ, ಸಂಡೂರಿನ ಮನೆಯಾಗಲಿ, ಕಪಾಟಿನಲ್ಲಿ ಹಳೆಯ ಮದುವೆ ಡಿವಿಡಿ ಇದ್ದರೆ ಇದನ್ನು ಓದಿ.

‘ವಿಒಬಿ ಫೈಲಿಗೆ ಎಂಪಿ4 ಎಂದು ಹೆಸರಿಟ್ಟರೆ ಸಾಕು’ ಎಂಬ ಸಲಹೆಯನ್ನು ನಾವು ಒಪ್ಪುವುದಿಲ್ಲ. ಹೆಸರು ಬದಲಾದರೂ ಒಳಗಿನ ಎಂಪೆಗ್-2 ವಿಡಿಯೊ ಬದಲಾಗದು.

ಸರಿಯಾದ ದಾರಿ: ಡಿಸ್ಕಿನಲ್ಲಿರುವ ಫೋಲ್ಡರುಗಳನ್ನು ಪೂರ್ತಿಯಾಗಿ ಕಂಪ್ಯೂಟರಿಗೆ ಕಾಪಿ ಮಾಡಿ. ವಿಡಿಯೊ ಸುಮಾರು 1 ಜಿಬಿಯ ತುಂಡುಗಳಲ್ಲಿರುತ್ತದೆ. ಒಂದನ್ನೇ ತೆಗೆದುಕೊಂಡರೆ ಮಾಂಗಲ್ಯಧಾರಣೆ ಅರ್ಧಕ್ಕೇ ನಿಂತೀತು. ಉಚಿತ ಹ್ಯಾಂಡ್‌ಬ್ರೇಕ್‌ನಲ್ಲಿ ಇಡೀ ಫೋಲ್ಡರ್ ತೆರೆದು, ಅಡ್ಡಗೆರೆ ಕಾಣದಂತೆ ‘ಡಿಇಂಟರ್ಲೇಸ್’ ಆರಿಸಿ, ಎಂಪಿ4 ಆಗಿ ಉಳಿಸಿ.

‘4ಕೆ’ಗೆ ಹಿಗ್ಗಿಸಿದರೆ ಹೊಸ ವಿವರ ಹುಟ್ಟದು; ನಮ್ಮ ಪಾಲ್ ಡಿವಿಡಿಯಲ್ಲಿರುವುದು ಹೆಚ್ಚೆಂದರೆ 720×576 ಪಿಕ್ಸೆಲ್.

ಸ್ಟುಡಿಯೊದಲ್ಲಿ ಬರೆದುಕೊಟ್ಟ ಡಿಸ್ಕಿನ ಬಣ್ಣದ ಪದರ ವರ್ಷ ಕಳೆದಂತೆ ಹಾಳಾಗುತ್ತದೆ. ಇಂದೇ ನಕಲು ಮಾಡಿಕೊಳ್ಳಿ.