ಊಟದ ಕಥೆಗಳು ಮತ್ತು ಎಳೆಯ ಬರಹಗಾರರು: ಕೆರೂರ ಸೀಮೆಯ ಕಥಾಸಂಪತ್ತು

ಮಕ್ಕಳ ಸಾಹಿತ್ಯದಲ್ಲಿ ಎರಡು ಬಗೆ. ಹಿರಿಯರು ಮಕ್ಕಳಿಗಾಗಿ ಬರೆದದ್ದು ಒಂದು, ಮಕ್ಕಳೇ ಬರೆದದ್ದು ಮತ್ತೊಂದು. ಮೊದಲ ಬಗೆಗೆ ಕನ್ನಡದಲ್ಲಿ ದೀರ್ಘ ಪರಂಪರೆಯಿದೆ. ಎರಡನೆಯದು ಬೆಳೆಯಬೇಕಾದರೆ ಮಗುವಿಗೆ ತಾನು ಬಲ್ಲ ವಿಷಯವೊಂದು ಬೇಕು. ಅಂಥ ವಿಷಯಗಳಲ್ಲಿ ಊಟವು ಮುಖ್ಯವಾದುದು. ಊಟದ ಸುತ್ತ ಹೆಣೆದ ಕಥಾಸಂಕಲನಗಳು ಎಳೆಯರ ಕೈಗೆ ಲೇಖನಿ ಕೊಡುವ ಸುಲಭ ಸಾಧನವಾಗಬಲ್ಲವು. ಇದಕ್ಕೆ ಬಾಗಲಕೋಟೆ ಜಿಲ್ಲೆಯ ಬಾದಾಮಿ ತಾಲ್ಲೂಕಿನ ಕೆರೂರ ಮತ್ತು ಅದರ ಸುತ್ತಲಿನ ಸೀಮೆ ಉತ್ತಮ ನಿದರ್ಶನ.

ಊಟವೇ ಏಕೆ?

'ನಮ್ಮ ದೇಶ', 'ಪರಿಸರ ಸಂರಕ್ಷಣೆ' ಮುಂತಾದ ವಿಷಯಗಳನ್ನು ಕುರಿತು ಬರೆಯಲು ಹೇಳಿದರೆ ಮಗು ಪಠ್ಯಪುಸ್ತಕದ ಮಾತುಗಳನ್ನೇ ಮರಳಿ ಒಪ್ಪಿಸುತ್ತದೆ. ಜೋಳದ ರೊಟ್ಟಿಯ ವಿಷಯದಲ್ಲಿ ಹಾಗಾಗದು. ಹಿಟ್ಟಿಗೆ ಬಿಸಿನೀರು ಏಕೆ ಬೇಕು, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವುದು ಯಾವಾಗ, ಖಡಕ್ ರೊಟ್ಟಿ ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬುದನ್ನು ಒಲೆಯ ಮುಂದೆ ಕುಳಿತು ನೋಡಿದ ಮಗು ನಗರದ ಪರೀಕ್ಷಕನಿಗಿಂತ ಚೆನ್ನಾಗಿ ಬಲ್ಲದು. ಹೇಳುವ ಅಧಿಕಾರ ತನ್ನದೆಂಬ ಈ ಅರಿವೇ ಬರವಣಿಗೆಯ ಮೊದಲ ಮೆಟ್ಟಿಲು.

ಸೀಮೆಯ ಸಿರಿ

ಬಾದಾಮಿಯ ಬಳಿಯ ಬನಶಂಕರಿ ದೇವಿಗೆ ಶಾಕಂಭರಿ ಎಂಬ ಹೆಸರೂ ಉಂಟು. ಮಳೆಯಿಲ್ಲದೆ ಜನ ಹಸಿವಿನಿಂದ ಬಳಲಿದಾಗ ದೇವಿ ತನ್ನ ಮೈಯಿಂದಲೇ ಕಾಯಿಪಲ್ಯಗಳನ್ನು ಬೆಳೆಸಿ ಲೋಕವನ್ನು ಸಲಹಿದಳೆಂಬುದು ಪುರಾಣ. ಬನದ ಹುಣ್ಣಿಮೆಯ ರಥೋತ್ಸವಕ್ಕೆ ಮುನ್ನ ನಡೆಯುವ ಪಲ್ಲೇದ ಹಬ್ಬದಲ್ಲಿ 108 ಬಗೆಯ ಪಲ್ಯಗಳನ್ನು ದೇವಿಗೆ ನೈವೇದ್ಯ ಮಾಡುವ ವಾಡಿಕೆಯಿದೆ. ಬರದ ನಾಡಿನಲ್ಲಿ ಹುಟ್ಟಿದ ಈ ಕಥೆ ಸ್ವತಃ ಒಂದು ಊಟದ ಕಥೆಯೇ ಆಗಿದೆ. ಗುಡಿಯ ಆವರಣದಲ್ಲಿ ರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿ, ಪುಟ್ಟ ಗಡಿಗೆಯ ಮೊಸರು ಹೊತ್ತು ತಂದು ಮಾರುವ ಮಹಿಳೆಯರ ದಿನಚರಿಯೂ ಬರೆಯಲು ಯೋಗ್ಯವಾದ ವಸ್ತು.

ನಾಗರ ಪಂಚಮಿಗೆ ಮುನ್ನಾದಿನದ ರೊಟ್ಟಿ ಹಬ್ಬದಲ್ಲಿ ಮನೆಯಿಂದ ಮನೆಗೆ ರೊಟ್ಟಿ ಪಲ್ಯಗಳ ವಿನಿಮಯ ನಡೆಯುತ್ತದೆ. ಎಳ್ಳ ಅಮಾವಾಸ್ಯೆಯಂದು ಒಕ್ಕಲು ಮನೆತನದವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಮೊಹರಮ್ಮಿನ ಚೊಂಗೆ ಹಿಂದೂ ಮನೆಗಳಲ್ಲಿಯೂ ಬೇಯುತ್ತದೆ. ಜಾತ್ರೆಗೆ ಮಾದಲಿ, ಪಂಚಮಿಗೆ ಉಂಡಿ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಹುನಗುಂದ ತಾಲ್ಲೂಕಿನ ಅಮೀನಗಡದ ಕರದಂಟು ನಾಡಿನಾಚೆಗೂ ಹೆಸರಾಗಿದೆ. ಕರಿದ ಅಂಟು ಸೇರಿಸಿ ಮಾಡುವುದರಿಂದಲೇ ಅದಕ್ಕೆ ಆ ಹೆಸರು. ತಿನಿಸಿನ ಹೆಸರನ್ನು ಬಿಡಿಸಿದರೆ ಅದು ತಯಾರಾಗುವ ಬಗೆಯೂ ತಿಳಿಯುತ್ತದೆಂಬುದು ಮಕ್ಕಳಿಗೆ ಮೋಜಿನ ಪಾಠ.

ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ಇದೇ ಜಿಲ್ಲೆಯಲ್ಲಿದೆ. ಶರಣರ 'ದಾಸೋಹ' ಪರಿಕಲ್ಪನೆಯ ಹೆಸರನ್ನೇ ಹೊತ್ತ 'ಅಕ್ಷರ ದಾಸೋಹ' ಯೋಜನೆಯು 2002ರಲ್ಲಿ ರಾಜ್ಯದ ಶಾಲೆಗಳಲ್ಲಿ ಬಿಸಿಯೂಟವನ್ನು ಆರಂಭಿಸಿತು. 2013ರಲ್ಲಿ 'ಕ್ಷೀರ ಭಾಗ್ಯ'ದ ಹಾಲೂ ಜೊತೆಗೂಡಿತು. ಹೀಗಾಗಿ ಸರ್ಕಾರಿ ಶಾಲೆಯ ಮಕ್ಕಳಿಗೆಲ್ಲ ಒಂದೇ ಪಂಕ್ತಿಯ ಊಟದ ಅನುಭವವಿದೆ.

ಕನ್ನಡದ ಪರಂಪರೆ

ಅನ್ನವನ್ನು ಕಥೆಯಾಗಿಸುವುದು ಕನ್ನಡಕ್ಕೆ ಹೊಸದಲ್ಲ. ಕನಕದಾಸರ 'ರಾಮಧಾನ್ಯ ಚರಿತ್ರೆ'ಯಲ್ಲಿ ಭತ್ತ ಮತ್ತು ರಾಗಿ ತಮ್ಮಲ್ಲಿ ಯಾರು ಹೆಚ್ಚೆಂದು ಜಗಳವಾಡುತ್ತವೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಸತ್ವಗೆಡುತ್ತದೆ, ರಾಗಿ ಕೆಡದೆ ಉಳಿದು ರಾಘವನ ಹೆಸರನ್ನು ಪಡೆಯುತ್ತದೆ. ಉಳ್ಳವರ ಧಾನ್ಯಕ್ಕೂ ಬಡವರ ಧಾನ್ಯಕ್ಕೂ ನಡೆದ ಈ ವಾದವನ್ನು ಕೆರೂರ ಸೀಮೆಯ ಮಗುವು ಜೋಳ ಮತ್ತು ಅಕ್ಕಿಯ ನಡುವೆ ಹೊಸದಾಗಿ ನಡೆಸಬಹುದು.

ಜನಪದದಲ್ಲಿ ಕಡುಬಿನ ಕಥೆ ಪ್ರಸಿದ್ಧ. ಅತ್ತೆಯ ಮನೆಯಲ್ಲಿ ಉಂಡ ಕಡುಬಿನ ಹೆಸರನ್ನು ಮರೆಯಬಾರದೆಂದು ದಾರಿಯುದ್ದಕ್ಕೂ ಜಪಿಸುತ್ತ ಬಂದ ಅಳಿಯ, ಹಳ್ಳ ಹಾರುವಾಗ ಬಾಯಿಂದ ಹೊರಟ ಉದ್ಗಾರವನ್ನೇ ತಿನಿಸಿನ ಹೆಸರೆಂದು ತಿಳಿಯುತ್ತಾನೆ. ಮನೆಗೆ ಬಂದು ಅದನ್ನೇ ಮಾಡಿಕೊಡೆಂದು ಹೆಂಡತಿಯನ್ನು ಪೀಡಿಸುತ್ತಾನೆ. ಇದೇ ಹುರುಳಿನ ಕಥೆಗಳು ಭಾರತದ ಇತರ ಭಾಷೆಗಳಲ್ಲಿಯೂ ಇವೆ. ಆಯಾ ಪ್ರದೇಶದಲ್ಲಿ ತಿನಿಸು ಮಾತ್ರ ಬೇರೆ.

ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದ ಪಂಜೆ ಮಂಗೇಶರಾಯರು (1874–1937) ಕರಾವಳಿಯ ಸಿಗಡಿಯನ್ನೂ ಕಥೆಯ ವಸ್ತುವಾಗಿಸಿದರು. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ 'ಗರತಿಯ ಹಾಡು' ಸಂಕಲನವು ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳಿಗೆ ಅಚ್ಚಿನ ಗೌರವ ತಂದಿತು. 1997ರಲ್ಲಿ ಬಾಗಲಕೋಟೆ ಬೇರ್ಪಡುವ ಮುನ್ನಿನ ವಿಜಯಪುರ ಜಿಲ್ಲೆಯು ಶಿಶು ಸಂಗಮೇಶ, ಶಂ.ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ ಮೊದಲಾದ ಮಕ್ಕಳ ಸಾಹಿತಿಗಳಿಂದ ಹೆಸರಾಗಿತ್ತು. ಕಂಚ್ಯಾಣಿ ಶರಣಪ್ಪನವರಿಗೆ 2018ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಸಂದಿತು.

ಹೊರಗಿನ ಮಾದರಿಗಳು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1973ರಲ್ಲಿ ಆರಂಭವಾದ 'ಸ್ಟೋನ್ ಸೂಪ್' ಪತ್ರಿಕೆಯ ಬರಹಗಾರರೆಲ್ಲರೂ ಮಕ್ಕಳೇ. ಅದರ ಹೆಸರು ಒಂದು ಊಟದ ಕಥೆಯಿಂದ ಬಂದದ್ದು. ಹಸಿದ ದಾರಿಹೋಕರು ಕಲ್ಲು ಹಾಕಿ ನೀರು ಕುದಿಸುತ್ತಾರೆ. ಕುತೂಹಲದಿಂದ ಬಂದ ಊರವರು ಒಬ್ಬೊಬ್ಬರಾಗಿ ತರಕಾರಿ, ಉಪ್ಪು ತಂದು ಹಾಕಿದಾಗ ಎಲ್ಲರಿಗೂ ಸಾಲುವಷ್ಟು ಸಾರು ಸಿದ್ಧವಾಗುತ್ತದೆ. ಮಕ್ಕಳ ಸಂಕಲನವೂ ಇದೇ ರೀತಿ ತುಂಬಿಕೊಳ್ಳುವಂಥದು. ನಮ್ಮಲ್ಲಿಯೇ ಭೋಪಾಲದ ಏಕಲವ್ಯ ಸಂಸ್ಥೆ 1985ರಿಂದ ನಡೆಸಿಕೊಂಡು ಬಂದ 'ಚಕ್‌ಮಕ್' ಹಿಂದಿ ಮಾಸಿಕವು ಮಕ್ಕಳ ಬರಹ, ಚಿತ್ರಗಳಿಗೆ ಪುಟಗಳನ್ನು ಮೀಸಲಿಟ್ಟಿದೆ.

ಎಚ್ಚರ ವಹಿಸಬೇಕಾದ ಅಂಶಗಳು

ಊಟದ ವಿಷಯ ಸುಲಭವಾದರೂ ನಿರಪಾಯಕಾರಿಯಲ್ಲ. 'ಇಂದು ಮನೆಯಲ್ಲಿ ಏನು ಉಂಡೆ?' ಎಂಬ ಪ್ರಶ್ನೆಗೆ ತರಗತಿಯ ಎಲ್ಲ ಮಕ್ಕಳೂ ನಿರಾಳವಾಗಿ ಉತ್ತರಿಸಲಾರರು. ಕೆಲವರು ಏನೂ ಉಣ್ಣದೆ ಬಂದಿರಬಹುದು. ಕೆಲವರ ಮನೆಯ ಅಡುಗೆಯನ್ನು ಕೇಳಿ ಉಳಿದವರು ಮೂಗು ಮುರಿಯಬಹುದು. ಊಟವು ಜಾತಿಯನ್ನೂ ಬಡತನವನ್ನೂ ಹೊರಗೆಡಹುತ್ತದೆ. ಆದ್ದರಿಂದ ವೈಯಕ್ತಿಕ ವಿವರ ಕೇಳುವ ಬದಲು 'ಈ ಕಾಳು ಎಲ್ಲಿಂದ ಬಂತು?', 'ಬಿಸಿಯೂಟದ ಸೌಟಿಗೆ ಮಾತು ಬಂದರೆ?' ಎಂಬಂಥ ಪ್ರಶ್ನೆಗಳಿಂದ ತೊಡಗುವುದು ಲೇಸು. ಯಾವ ಮನೆಯ ತಿನಿಸೂ ಕೀಳಲ್ಲವೆಂಬ ಭರವಸೆಯನ್ನು ಶಿಕ್ಷಕರು ಮೊದಲೇ ಮೂಡಿಸಬೇಕು. ತಂದೆತಾಯಿಯರೊಂದಿಗೆ ಗುಳೆ ಹೋಗಿ ಮರಳಿದ ಮಗುವಿಗೆ, ಪರಊರಿನ ಶೆಡ್ಡಿನಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಬೆಂದ ಅನ್ನವೂ ಕಥೆಯೇ.

ಎರಡನೆಯದು ಭಾಷೆಯ ಪ್ರಶ್ನೆ. ಈ ಭಾಗದ ಮಗು 'ಅವ್ವ ರೊಟ್ಟಿ ಬಡೀತಾಳ' ಎಂದು ಬರೆದರೆ, ಅದನ್ನು 'ಅಮ್ಮ ರೊಟ್ಟಿ ತಟ್ಟುತ್ತಾಳೆ' ಎಂದು ತಿದ್ದುವುದು ರೂಢಿ. ಬರೆದ ಮಗುವಿಗೆ ಆ ವಾಕ್ಯ ಈಗ ಬೇರೆ ಯಾರದೋ ಆಗಿ ಕಾಣುತ್ತದೆ. ಗುರೆಳ್ಳ ಹಿಂಡಿ, ಮುಟಗಿ, ಝುಣಕದ ವಡಿ, ಖಾರಬ್ಯಾಳಿ ಎಂಬ ಪದಗಳಿಗೆ ಶಿಷ್ಟ ಕನ್ನಡದಲ್ಲಿ ಸಮಾನ ಪದ ಹುಡುಕುವ ಅಗತ್ಯವಿಲ್ಲ. ಕಾಗುಣಿತದ ತಪ್ಪನ್ನು ತಿದ್ದಬೇಕು, ಮನೆಮಾತನ್ನಲ್ಲ. ಮಗುವಿನ ಮನೆಮಾತಿಗೆ ತರಗತಿಯಲ್ಲಿ ಮನ್ನಣೆ ಇರಬೇಕೆಂಬುದನ್ನು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಎತ್ತಿ ಹೇಳಿದೆ.

ಸಂಕಲನದ ಬಗೆ

ಇದಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. ಮಗು ಮೊದಲು ಮನೆಯ ಹಿರಿಯರಿಂದ ಒಂದು ತಿನಿಸಿನ ಕಥೆ ಕೇಳಿ ಬರುವುದು. ತರಗತಿಯಲ್ಲಿ ಬಾಯಿಮಾತಿನಲ್ಲಿ ಹೇಳುವುದು. ಗೆಳೆಯರ ಪ್ರಶ್ನೆಗಳಿಗೆ ಉತ್ತರಿಸಿದ ಬಳಿಕ ಬರೆಯುವುದು. ಚಿತ್ರ ಬಿಡಿಸಿ ಹೊಲಿದು ಕೈಬರಹದ ಪುಸ್ತಕ ಮಾಡುವುದು. ಅದರ ಪ್ರತಿಯೊಂದನ್ನು ಸಮೀಪದ ಗ್ರಂಥಾಲಯದಲ್ಲಿಟ್ಟರೆ ಓದುಗರೂ ದೊರೆಯುತ್ತಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಸೆಳೆಯಲು 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಇಂಥ ಯತ್ನಕ್ಕೆ ಒಳ್ಳೆಯ ನೆಲೆ.

ಪೊಟ್ಟಣದ ತಿನಿಸು ಹಳ್ಳಿಯ ಅಂಗಡಿಗಳಿಗೂ ಬಂದಿರುವ ಈ ದಿನಗಳಲ್ಲಿ ಮನೆಯ ಅಡುಗೆಯೊಡನೆ ಅದರ ಪದಗಳೂ ಬಳಕೆ ತಪ್ಪುತ್ತಿವೆ. ಅಜ್ಜಿಯರು ಇರುವಾಗಲೇ ಮೊಮ್ಮಕ್ಕಳು ಅವನ್ನು ಕೇಳಿ ಬರೆದಿಟ್ಟರೆ, ಊರಿಗೊಂದು ಪುಸ್ತಕವೂ ಮಕ್ಕಳಿಗೆ ಬರೆಯುವ ಧೈರ್ಯವೂ ದಕ್ಕುತ್ತವೆ.