ಬಂದೂಕಿನ ನಳಿಗೆಯಲ್ಲಿ ಬಂದ ಶರಾಬು

ಹೈದರಾಬಾದಿನ ನಮ್ಮ ಶಾಲೆಯಲ್ಲಿ ಮೊಘಲರ ಪಾಠ ಮಾಡುವಾಗ ಜಹಾಂಗೀರ್ ಅಂದ ಕೂಡಲೇ ಮಕ್ಕಳು ನ್ಯಾಯದ ಸರಪಳಿ, ನೂರ್ ಜಹಾನ್ ಅಂತಾರೆ. ಅವನ ಮನೆಯನ್ನು ಶರಾಬು ಹೇಗೆ ತಿಂದುಹಾಕಿತು ಅನ್ನೋದು ಯಾರಿಗೂ ಗೊತ್ತಿರಲ್ಲ. ಅದನ್ನು ಜಹಾಂಗೀರನೇ ತನ್ನ ಫಾರ್ಸಿ ಆತ್ಮಕಥೆ 'ತುಜುಕ್-ಎ-ಜಹಾಂಗೀರಿ'ಯಲ್ಲಿ ಬರೆದಿದ್ದಾನೆ.

ಅಕ್ಬರನಿಗೆ ಪ್ರಾಯಕ್ಕೆ ಬಂದ ಗಂಡುಮಕ್ಕಳು ಮೂವರು: ಸಲೀಂ, ಮುರಾದ್, ದಾನಿಯಾಲ್. ಮುರಾದ್ 1599ರಲ್ಲಿ ದಖ್ಖನ್ ದಂಡಯಾತ್ರೆಯಲ್ಲಿದ್ದಾಗ ಕುಡಿತದಿಂದ ತೀರಿಕೊಂಡ. ಅವನಿಗಿನ್ನೂ ಮೂವತ್ತಾಗಿರಲಿಲ್ಲ.

ದಾನಿಯಾಲನ ಕಥೆಗೆ ನಮ್ಮ ನೆಲದ ನಂಟಿದೆ. 1604ರಲ್ಲಿ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಮಗಳ ಜೊತೆ ಅವನ ನಿಕಾಹ್ ಆಯಿತು. ವಧುವನ್ನು ಕರೆದೊಯ್ದವರಲ್ಲಿ ಇತಿಹಾಸಕಾರ ಫರಿಶ್ತಾನೂ ಇದ್ದ. ಮರುವರ್ಷವೇ ಬುರ್ಹಾನ್‌ಪುರದಲ್ಲಿ ದಾನಿಯಾಲ್ ಸತ್ತ. ಅವನಿಗೆ ಶರಾಬು ಸಿಗದಂತೆ ಅಕ್ಬರ್ ಕಾವಲು ಹಾಕಿಸಿದ್ದ. ಆದರೆ ಅವನು ಸೇವಕನನ್ನು ಕಾಡಿ ಬೇಡಿ, ತನ್ನ ಇಷ್ಟದ ಬಂದೂಕಿನ ನಳಿಗೆಯಲ್ಲೇ ತರಿಸಿಕೊಂಡ. ಮದ್ದಿನಪುಡಿ, ತುಕ್ಕು ಎಲ್ಲ ಅದರಲ್ಲಿ ಕರಗಿತ್ತು. ಕುಡಿದವನು ಮತ್ತೆ ಏಳಲಿಲ್ಲ. ಆ ಬಂದೂಕಿಗೆ ಅವನಿಟ್ಟ ಹೆಸರಲ್ಲೇ 'ಜನಾಜಾ' ಅನ್ನೋ ಪದವಿತ್ತು!

ಇನ್ನು ಸಲೀಂ, ಅಂದರೆ ಜಹಾಂಗೀರ್. ಹದಿನೆಂಟರ ಹುಡುಗ ಅಟಕ್ ಬಳಿ ಶಿಕಾರಿಯಲ್ಲಿ ಸುಸ್ತಾಗಿದ್ದ. ಒಂದು ಬಟ್ಟಲು ಕುಡಿದರೆ ದಣಿವು ಹೋಗುತ್ತೆ ಅಂತ ಯಾರೋ ಹೇಳಿದರು. ಸಿಹಿಯಾಗಿತ್ತು, ಹಿತವಾಗಿತ್ತು. ಒಂಬತ್ತು ವರ್ಷದಲ್ಲಿ ಅದು ದಿನಕ್ಕೆ ಇಪ್ಪತ್ತು ಬಟ್ಟಲಾಯಿತು, ಅದೂ ಎರಡು ಸಲ ಬಟ್ಟಿ ಇಳಿಸಿದ ಸಾರಾಯಿ. ಕೈ ಎಷ್ಟು ನಡುಗುತ್ತಿತ್ತೆಂದರೆ ಬೇರೆಯವರು ಕುಡಿಸಬೇಕಿತ್ತು. ಆಗ ಹಕೀಮ್ ಹುಮಾಮ್ ಮುಚ್ಚುಮರೆ ಇಲ್ಲದೆ ಹೇಳಿದ: ಹೀಗೇ ಆರು ತಿಂಗಳು ನಡೆದರೆ ಮದ್ದೇ ಇಲ್ಲ. ಸಲೀಂ ಮೆಲ್ಲಮೆಲ್ಲಗೆ ಆರು ಬಟ್ಟಲಿಗೆ ಇಳಿಸಿದ. ಆದರೆ ಆ ಜಾಗಕ್ಕೆ ಅಫೀಮು ಬಂತು.

1605ರಲ್ಲಿ ಪಟ್ಟಕ್ಕೆ ಬಂದಾಗ ರಾಜ್ಯದಲ್ಲಿ ಶರಾಬು ತಯಾರಿ, ಮಾರಾಟ ನಿಷೇಧಿಸಿದ. ತಾನು ಮಾತ್ರ ಕುಡಿಯುತ್ತಲೇ ಇದ್ದ. 1616ರಲ್ಲಿ, ಅಲ್ಲಿವರೆಗೆ ಶರಾಬು ಮುಟ್ಟದಿದ್ದ ಮಗ ಖುರ್ರಮನಿಗೂ, ಅಂದರೆ ಮುಂದಿನ ಶಾಹ್ ಜಹಾನನಿಗೂ, ಒತ್ತಾಯ ಮಾಡಿ ಕುಡಿಸಿದ!

ಈ ಕಥೆ ಹೇಳಿದಾಗ ಒಬ್ಬ ಹುಡುಗ ಕೇಳಿದ, "ತಮ್ಮಂದಿರು ಸತ್ತಿದ್ದನ್ನು ನೋಡಿಯೂ ಯಾಕೆ ಬಿಡಲಿಲ್ಲ?" ಆಮೇಲೆ ಗೊತ್ತಾಯಿತು, ಅವನ ಅಬ್ಬಾನೂ ದಿನಾ "ಸುಸ್ತು ಹೋಗಲಿ" ಅಂತಲೇ ಕುಡಿಯೋರು.

ಕೈ ನಡುಗುವುದು ಹಟವಲ್ಲ, ರೋಗದ ಲಕ್ಷಣ. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಡಾಕ್ಟರ ಮೇಲ್ವಿಚಾರಣೆಯಲ್ಲೇ ಬಿಡಿಸಬೇಕು. ಶರಾಬು ಹರಾಮ್ ಅಂತ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ನಾಚಿಕೆಯಿಂದ ಮುಚ್ಚಿಡ್ತೀವಿ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಲಿವರ್ ಹಾಳಾಗಿರುತ್ತೆ.

ಬಾದಶಹನೊಬ್ಬ ನಾನೂರು ವರ್ಷದ ಹಿಂದೆ ತನ್ನ ನಡುಗುವ ಕೈಯ ಬಗ್ಗೆ ಎಲ್ಲರೂ ಓದುವಂತೆ ಬರೆದಿಟ್ಟ. ನಾವು ಕನಿಷ್ಠ ಡಾಕ್ಟರ ಮುಂದಾದರೂ ಬಾಯಿ ಬಿಡಬಹುದಲ್ವಾ?